ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಮಕ್ಕಳು: ಡೇ ಕೇರ್‌ಗೆ ಕಳಿಸುವವರು ದಯವಿಟ್ಟು ಓದಿ

ಮಗುವಿಗೆ ಡೇ ಕೇರ್ ಹುಡುಕುತ್ತಿರುವವರಿಗೂ ಈಗಾಗಲೇ ಸೇರಿಸಿರುವವರಿಗೂ ಇದನ್ನು ಬರೆಯುತ್ತಿದ್ದೇನೆ. ಗೋಡೆ ಮೇಲೆ ಲೈಸೆನ್ಸ್ ತೂಗುಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ನಿಶ್ಚಿಂತರಾಗಬೇಡಿ. ಆ ಲೈಸೆನ್ಸಿನಲ್ಲಿ ಎಷ್ಟು ಮಕ್ಕಳಿಗೆ ಅನುಮತಿ ಅಂತ ಬರೆದಿರುತ್ತದೆ. ಒಳಗೆ ನಿಜವಾಗಿ ಎಷ್ಟು ಮಕ್ಕಳಿದ್ದಾರೆ ಅಂತ ನೋಡಿ. ನಮ್ಮ ಮಗಳು ಹೋಗುತ್ತಿದ್ದ ಕೇಂದ್ರದಲ್ಲಿ ಈ ಎರಡು ಲೆಕ್ಕಗಳು ಬೇರೆ ಬೇರೆ ಇದ್ದವು. ಆ ವ್ಯತ್ಯಾಸದಲ್ಲಿ ನಮ್ಮ ಮಗಳೂ ಸೇರಿದ್ದಳು.

ಕೇಂದ್ರದ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಇಲ್ಲಿ ಹೇಳಬೇಕಾಗಿರುವುದು ಇಂಥದ್ದು ಹೇಗೆ ನಡೆಯುತ್ತದೆ ಅನ್ನುವುದನ್ನು.

ಅವತ್ತು ಮಧ್ಯಾಹ್ನ ಮಕ್ಕಳು ಮಲಗಿದ್ದ ಹೊತ್ತಿನಲ್ಲಿ ಅಡುಗೆ ಕೋಣೆಯ ಎಕ್ಸಾಸ್ಟ್ ಫ್ಯಾನಿನ ವೈರು ಸುಟ್ಟು ಹೊಗೆ ಬಂತು. ದೊಡ್ಡ ಬೆಂಕಿಯೇನೂ ಅಲ್ಲ, ಆದರೆ ಹೊಗೆ ಜೋರಾಗಿತ್ತು. ಸಿಬ್ಬಂದಿ ಹಾಲಿನಲ್ಲಿದ್ದ ಮಕ್ಕಳನ್ನೆಲ್ಲ ಎಬ್ಬಿಸಿ, ಎತ್ತಿಕೊಂಡು ಹೊರಗೆ ತಂದರು. ಅಷ್ಟರ ಮಟ್ಟಿಗೆ ಚೆನ್ನಾಗಿಯೇ ಮಾಡಿದರು. ಹೊರಗೆ ಬಂದ ಮೇಲೆ ಉಸ್ತುವಾರಿ ನೋಡುತ್ತಿದ್ದ ಮೇಡಂ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರದೇ ಹೆಸರು ಕೂಗಿದರು. ಎಲ್ಲ ಹೆಸರಿಗೂ ಮಗು ಸಿಕ್ಕಿತು. ಲೆಕ್ಕ ಸರಿಯಾಗಿದೆ, ಎಲ್ಲರೂ ಹೊರಗಿದ್ದಾರೆ ಅಂತ ಹೇಳಿಯೂ ಬಿಟ್ಟರು. ಅವರು ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿರಲಿಲ್ಲ. ಪುಸ್ತಕವನ್ನು ನಂಬಿದರು. ಅವರ ಜಾಗದಲ್ಲಿ ಯಾರಿದ್ದರೂ ನಂಬುತ್ತಿದ್ದರು.

ಆದರೆ ಹಿಂದಿನ ಸಣ್ಣ ರೂಮಿನಲ್ಲಿ ಇನ್ನೂ ನಾಲ್ಕು ಮಕ್ಕಳು ಮಲಗಿದ್ದರು. ಅವರ ಹೆಸರು ಆ ಪುಸ್ತಕದಲ್ಲಿ ಇರಲಿಲ್ಲ. ಅವರನ್ನು ಮಲಗಿಸಿದ್ದ ಆಯಾ ಅಕ್ಕನನ್ನು ಯಾವುದೋ ಸಾಮಾನು ತರಲು ಹೊರಗೆ ಕಳಿಸಿದ್ದರು. ಆಕೆ ವಾಪಸ್ ಬಂದು, ಮಕ್ಕಳ ಗುಂಪು ನೋಡಿ, "ಒಳಗಿನ ರೂಮಿನ ಮಕ್ಕಳು ಎಲ್ಲಿ?" ಅಂತ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ, ಸೀದಾ ಒಳಗೆ ಓಡಿದರು. ನಾಲ್ವರನ್ನೂ ಹೊರಗೆ ತಂದರು. ಅದರಲ್ಲಿ ನಮ್ಮ ಮಗಳು ಒಬ್ಬಳು. ಹೊಗೆ ಕುಡಿದು ಕೆಮ್ಮುತ್ತಿದ್ದಳು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿ, ತೊಂದರೆ ಇಲ್ಲ ಅಂತ ಮನೆಗೆ ಕಳಿಸಿದರು. ಆ ಅಕ್ಕನಿಗೆ ನಾವು ಯಾವತ್ತೂ ಋಣಿ.

ಬೆಂಕಿ ಅನಾಹುತಗಳಲ್ಲಿ ಸುಟ್ಟ ಗಾಯಕ್ಕಿಂತ ಹೊಗೆಯಿಂದಲೇ ಜಾಸ್ತಿ ಜನ ಸಾಯುತ್ತಾರೆ. ಮಲಗಿದ್ದ ಪುಟ್ಟ ಮಗು ಹೊಗೆಗೆ ಎದ್ದು ಬಾಗಿಲ ಕಡೆ ನಡೆದು ಬರುತ್ತದೆ ಅಂತ ಅಂದುಕೊಳ್ಳುವ ಹಾಗಿಲ್ಲ. ಯಾರಾದರೂ ಹೋಗಿ ಎತ್ತಿಕೊಳ್ಳಲೇಬೇಕು. ಒಳಗೆ ಮಗು ಇದೆ ಅಂತ ಗೊತ್ತಿದ್ದರೆ ತಾನೇ ಯಾರಾದರೂ ಹೋಗುವುದು?

ಹೆಸರು ಪುಸ್ತಕದಲ್ಲಿ ಏಕಿರಲಿಲ್ಲ ಅಂತ ಕೇಳಿದಾಗ ಮಾಲಕಿ ಮೊದಲು ಬರೆಯುವುದು ಮರೆತುಹೋಗಿರಬೇಕು ಅಂದರು. ಮರೆವಲ್ಲ ಅದು. ಅವರ ಲೈಸೆನ್ಸ್ ಇದ್ದಿದ್ದು 24 ಮಕ್ಕಳಿಗೆ. ಹಾಜರಿ ಪುಸ್ತಕದಲ್ಲಿ ಯಾವ ದಿನವೂ 24ಕ್ಕಿಂತ ಜಾಸ್ತಿ ಹೆಸರು ಬರದ ಹಾಗೆ ನೋಡಿಕೊಂಡಿದ್ದರು. ಉಳಿದ ಮಕ್ಕಳಿಗೆ ಬೇರೆ ನೋಟ್‌ಬುಕ್. ಅದರಲ್ಲಿ ಇದ್ದಿದ್ದು ಫೀಸಿನ ಲೆಕ್ಕ ಮಾತ್ರ. ತಪಾಸಣೆಗೆ ಬಂದವರು ಕೇಳುವುದು ಹಾಜರಿ ಪುಸ್ತಕವನ್ನು, ಅದು ಯಾವಾಗಲೂ ಸರಿಯಾಗಿರಬೇಕಲ್ಲ! ತಪಾಸಣೆಗೆ ಸರಿ ಕಾಣಲಿ ಅಂತ ಬರೆದ ಪುಸ್ತಕವನ್ನೇ ಅವತ್ತು ಮಕ್ಕಳನ್ನು ಎಣಿಸಲು ಹಿಡಿದುಕೊಂಡಿದ್ದು.

ನಾವು ಪರವಾನಗಿ ಕೊಡುವ ಕಚೇರಿಗೆ ಹೋಗಿ ಆ ಕೇಂದ್ರದ ಹಳೆಯ ತಪಾಸಣಾ ವರದಿಗಳನ್ನು ಕೇಳಿ ಪಡೆದೆವು. ಎಷ್ಟೋ ಕಡೆ ಈ ವರದಿಗಳನ್ನು ತಂದೆತಾಯಿ ನೋಡಬಹುದು. ಕೆಲವು ದೇಶಗಳಲ್ಲಿ ಇಂಟರ್ನೆಟ್‌ನಲ್ಲೇ ಹಾಕಿರುತ್ತಾರೆ. ದಯವಿಟ್ಟು ಕೇಳಿ ಓದಿ. ನಮಗೆ ಸಿಕ್ಕ ಕೊನೆಯ ವರದಿಯಲ್ಲಿ "ಹಾಜರಿದ್ದ ಮಕ್ಕಳು: 22" ಅಂತಿತ್ತು. ಆ ತಾರೀಖು ನೋಡಿ ನನ್ನ ಗಂಡ ಫೋನಿನಲ್ಲಿ ಹಳೆಯ ಮೆಸೇಜುಗಳನ್ನು ಹುಡುಕಿದರು. ಅದರ ಹಿಂದಿನ ಸಂಜೆ ಕೇಂದ್ರದಿಂದ ಮೆಸೇಜ್ ಬಂದಿತ್ತು. ನಾಳೆ ಕ್ರಿಮಿನಾಶಕ ಹೊಡೆಸುತ್ತಿದ್ದೇವೆ, ಮಗುವನ್ನು ಕಳಿಸಬೇಡಿ ಅಂತ. ಬೇರೆ ತಂದೆತಾಯಿಯರನ್ನು ಕೇಳಿದೆವು. ಕೆಲವರಿಗೆ ಮಾತ್ರ ಆ ಮೆಸೇಜ್ ಬಂದಿತ್ತು. ಉಳಿದವರ ಮಕ್ಕಳು ಎಂದಿನಂತೆ ಹೋಗಿದ್ದರು. ಯಾರ ಹೆಸರು ಪುಸ್ತಕದಲ್ಲಿ ಇರಲಿಲ್ಲವೋ ಅವರಿಗೆ ಅವತ್ತು ರಜೆ.

ಮೊದಲೇ ತಿಳಿಸಿ ಬರುವ ತಪಾಸಣೆಯ ಕಷ್ಟ ಇದು. ಹೊಸದಾಗಿ ಲೈಸೆನ್ಸ್ ಕೊಡುವಾಗ, ನವೀಕರಣದ ಹೊತ್ತಿಗೆ ಬರುವವರು ಸಾಮಾನ್ಯವಾಗಿ ದಿನ ಹೇಳಿಯೇ ಬರುತ್ತಾರೆ. ಹೇಳದೆ ಬರುವ ತಪಾಸಣೆಯೇ ಬೇರೆ, ದೂರು ಬಂದಾಗ ಬರುವುದೇ ಬೇರೆ. ಹಾಗಾಗಿ ವರದಿ ಓದುವಾಗ ಅದು ಯಾವ ಥರದ ಭೇಟಿ ಅಂತ ಮೊದಲು ನೋಡಿ. ಆಮೇಲೆ ಒಂದೇ ತಪ್ಪು ಎರಡೆರಡು ಸಲ ಬಂದಿದೆಯಾ ನೋಡಿ. ಪ್ರತಿ ಕೇಂದ್ರದಲ್ಲೂ ಸಣ್ಣಪುಟ್ಟ ತಪ್ಪು ಇರುತ್ತವೆ. ಪ್ಲಗ್ ಪಾಯಿಂಟಿಗೆ ಮುಚ್ಚಳ ಇಲ್ಲ, ಯಾವುದೋ ಸಿಬ್ಬಂದಿಯ ಪ್ರಥಮ ಚಿಕಿತ್ಸೆ ತರಬೇತಿಯ ಅವಧಿ ಮುಗಿದಿದೆ, ಇಂಥವು. ಅದಕ್ಕೆ ಹೆದರಬೇಕಿಲ್ಲ. ನಮ್ಮ ಕೇಂದ್ರದ ವರದಿಗಳಲ್ಲಿ "ಹಿಂದಿನ ತುರ್ತು ಬಾಗಿಲಿಗೆ ಅಡ್ಡವಾಗಿ ಸಾಮಾನು ಇಟ್ಟಿದೆ" ಅಂತ ಒಂದು ಸಲ ಬರೆದಿದ್ದರು. ಪಕ್ಕದಲ್ಲಿ "ಸರಿಪಡಿಸಲಾಗಿದೆ". ಮುಂದಿನ ವರದಿಯಲ್ಲೂ ಅದೇ ಬಾಗಿಲು, ಅದೇ ಮಾತು. ಮತ್ತೆ "ಸರಿಪಡಿಸಲಾಗಿದೆ". ಹೊಗೆ ಬಂದ ದಿನ ಆ ಬಾಗಿಲಿಗೆ ಮಡಿಸಿದ ಮಂಚಗಳನ್ನು ಒರಗಿಸಿದ್ದರು, ಮೇಲೆ ಬೀಗ ಬೇರೆ. ಹಿಂದಿನ ರೂಮಿನಿಂದ ಹೊರಬರಲು ಅದೇ ಹತ್ತಿರದ ದಾರಿ. ಆ ಅಕ್ಕ ನಾಲ್ಕು ಮಕ್ಕಳನ್ನು ಹೊಗೆ ತುಂಬಿದ ಹಾಲಿನ ಮೂಲಕವೇ ತರಬೇಕಾಯಿತು.

ತುರ್ತು ಬಾಗಿಲು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯಬೇಕು. ಮಕ್ಕಳು ಆಚೆ ಓಡಿಹೋಗದಿರಲಿ ಅಂತ ಬೀಗ ಹಾಕಿದ್ದೇವೆ ಅಂತ ಅವರು ಹೇಳಿದರು. ಈ ಮಾತು ಕೇಳಲು ಸರಿ ಅನ್ನಿಸುತ್ತದೆ. ಆದರೆ ಅದಕ್ಕೆ ಬೇರೆ ಉಪಾಯಗಳಿವೆ. ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ದೊಡ್ಡವರು ತಟ್ಟನೆ ತೆಗೆಯಬಹುದಾದ ಚಿಲಕ ಇಡಬಹುದು, ಬಾಗಿಲು ತೆರೆದರೆ ಬಡಿದುಕೊಳ್ಳುವ ಗಂಟೆ ಇಡಬಹುದು. ಬೀಗ ಹಾಕಿ ಬೀಗದ ಕೈಯನ್ನು ಆಫೀಸ್ ಡ್ರಾಯರಿನಲ್ಲಿಟ್ಟರೆ ಅದು ಬಾಗಿಲಲ್ಲ, ಗೋಡೆ.

ಮೆಕ್ಸಿಕೋದ ಎರ್ಮೊಸಿಯೊ ಊರಿನಲ್ಲಿ 2009ರ ಜೂನ್ 5ರಂದು ಎಬಿಸಿ ಅನ್ನುವ ಡೇ ಕೇರ್‌ನಲ್ಲಿ ಬೆಂಕಿ ಬಿದ್ದು 49 ಮಕ್ಕಳು ತೀರಿಕೊಂಡರು. ಬೆಂಕಿ ಹುಟ್ಟಿದ್ದು ಪಕ್ಕದ ಗೋದಾಮಿನಲ್ಲಿ. ಹೊರಬರಲು ಸಾಕಷ್ಟು ದಾರಿ ಇರಲಿಲ್ಲ. ಜನ ವಾಹನ ಗುದ್ದಿ ಗೋಡೆ ಒಡೆದು ಮಕ್ಕಳನ್ನು ತೆಗೆಯಬೇಕಾಯಿತು. ಆ ತಂದೆತಾಯಿಯರು ಹೋರಾಡಿದ ಮೇಲೆ 2011ರಲ್ಲಿ ಅಲ್ಲಿ ಡೇ ಕೇರ್‌ಗಳ ಸುರಕ್ಷತೆಗೆ ಹೊಸ ಕಾನೂನು ಬಂತು. ಅದನ್ನು ಜನ ಇವತ್ತಿಗೂ "ಜೂನ್ 5ರ ಕಾನೂನು" ಅಂತಲೇ ಕರೆಯುತ್ತಾರೆ. ನಮ್ಮ ಮಗಳ ಘಟನೆಯ ನಂತರ ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಕ್ಕಳ ಸಂಖ್ಯೆಯ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ಏಕೆಂದರೆ ಎಷ್ಟೋ ಜನ ಇದನ್ನು ಸುಮ್ನೆ ಕಾಗದದ ನಿಯಮ ಅಂದುಕೊಂಡಿದ್ದಾರೆ. ನಾಲ್ಕು ಮಕ್ಕಳು ಜಾಸ್ತಿ ಆದರೆ ಏನೀಗ, ಹೇಗೋ ಹೊಂದಿಸಿಕೊಳ್ಳುತ್ತಾರೆ ಅಂತ ಒಬ್ಬರು ನನ್ನ ಹತ್ತಿರವೇ ಹೇಳಿದರು. ಈ ಲೆಕ್ಕ ಸುಮ್ಮನೆ ಬಂದಿಲ್ಲ. ಒಂದು ವರ್ಷದೊಳಗಿನ ಮಕ್ಕಳಾದರೆ 3 ಅಥವಾ 4 ಮಕ್ಕಳಿಗೆ ಒಬ್ಬರು ಇರಬೇಕು ಅಂತ ಅನೇಕ ಕಡೆ ನಿಯಮವಿದೆ. ನಡೆಯಲು ಬಾರದ ಮಕ್ಕಳು ಅವರು. ಒಬ್ಬ ಮನುಷ್ಯ ಎರಡು ಕೈಯಲ್ಲಿ ಎಷ್ಟು ಮಕ್ಕಳನ್ನು ಎತ್ತಿಕೊಂಡು ಓಡಬಹುದು, ನೀವೇ ಯೋಚಿಸಿ. ಅದಕ್ಕೇ ಒಳ್ಳೆಯ ಕೇಂದ್ರಗಳಲ್ಲಿ ಚಕ್ರ ಇರುವ ಗಟ್ಟಿ ತೊಟ್ಟಿಲು ಇಟ್ಟಿರುತ್ತಾರೆ. ಕೆಲವು ಶಿಶುಗಳನ್ನು ಒಟ್ಟಿಗೆ ಅದರಲ್ಲಿ ಕೂರಿಸಿ ತಳ್ಳಿಕೊಂಡು ಹೊರಗೆ ಹೋಗಬಹುದು. ಜಾಗಕ್ಕೂ ಲೆಕ್ಕವಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಒಂದು ಮಗುವಿಗೆ 35 ಚದರ ಅಡಿ ಒಳಜಾಗ ಇರಬೇಕು. ಅಡುಗೆ ಕೋಣೆ, ಶೌಚಾಲಯ, ಓಡಾಡುವ ಓಣಿ ಇವನ್ನು ಬಿಟ್ಟು. ನಮ್ಮ ಮಗಳು ಮಲಗುತ್ತಿದ್ದ ಆ ಹಿಂದಿನ ರೂಮು ಅನುಮೋದನೆ ಪಡೆದ ನಕ್ಷೆಯಲ್ಲಿ ಉಗ್ರಾಣ ಅಂತ ಇತ್ತು. ಹೊಗೆ ಪತ್ತೆ ಮಾಡುವ ಅಲಾರಂ ಆ ರೂಮಿಗೆ ಇರಲೇ ಇಲ್ಲ. ಉಗ್ರಾಣಕ್ಕೆ ಯಾರು ಹಾಕುತ್ತಾರೆ?

ಮಲಗುವ ಹೊತ್ತಿನಲ್ಲಿ ಸಿಬ್ಬಂದಿ ಕಡಿಮೆ ಸಾಕು ಅನ್ನುವುದೂ ಒಂದು ತಪ್ಪು ಯೋಚನೆ. ಆ ನಾಲ್ಕು ಮಕ್ಕಳ ಹತ್ತಿರ ಆಗ ಒಬ್ಬ ದೊಡ್ಡವರೂ ಇರಲಿಲ್ಲ. ಇನ್ನೂ ಚಿಕ್ಕ ಶಿಶುಗಳಿಗಂತೂ ನಿದ್ದೆಯ ಹೊತ್ತೇ ತುಂಬಾ ಎಚ್ಚರ ಬೇಕಾದ ಹೊತ್ತು. ಬೆನ್ನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ದಿಂಬು, ದಪ್ಪ ಹೊದಿಕೆ, ಬೊಂಬೆ ಏನೂ ಇಲ್ಲದೆ ಮಲಗಿಸಬೇಕು. ಅಮೆರಿಕದಲ್ಲಿ 1994ರಿಂದ ಶಿಶುಗಳನ್ನು ಬೆನ್ನ ಮೇಲೆ ಮಲಗಿಸಿ ಅಂತ ದೊಡ್ಡ ಪ್ರಚಾರ ಮಾಡಿದರು. ನಿದ್ದೆಯಲ್ಲಿ ಕಾರಣ ತಿಳಿಯದೆ ಆಗುತ್ತಿದ್ದ ಶಿಶು ಮರಣಗಳು ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದವು. ನಿಮ್ಮ ಕೂಸು ಅಂಥ ವಯಸ್ಸಿನದಾದರೆ ಮಲಗಿಸುವ ಜಾಗವನ್ನು ಕಣ್ಣಾರೆ ನೋಡದೆ ಸೇರಿಸಬೇಡಿ.

ವ್ಯಾನ್ ಇರುವ ಕೇಂದ್ರವಾದರೆ ಅಲ್ಲೂ ಇದೇ ಎಣಿಕೆಯ ಪ್ರಶ್ನೆ. ಹತ್ತುವಾಗ ಎಣಿಸಬೇಕು, ಇಳಿಯುವಾಗ ಎಣಿಸಬೇಕು, ಕೊನೆಗೆ ಒಬ್ಬರು ಹಿಂದಿನ ಸೀಟಿನವರೆಗೆ ನಡೆದು ನೋಡಬೇಕು. ಬಿಸಿಲಲ್ಲಿ ನಿಂತ ಮುಚ್ಚಿದ ವಾಹನದ ಒಳಗೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ನಿದ್ದೆ ಹೋದ ಒಂದು ಮಗು ಪಟ್ಟಿಯಲ್ಲಿ ಇಲ್ಲದಿದ್ದರೆ ಹುಡುಕುವವರೇ ಇರುವುದಿಲ್ಲ.

ಈಗ ನಾವು ಬೇರೆ ಕಡೆ ಸೇರಿಸಿದ್ದೇವೆ. ಸೇರಿಸುವ ಮುಂಚೆ ಬೆಳಗ್ಗೆ ಹೋಗಿ ನೋಡಲಿಲ್ಲ. ಬೆಳಗ್ಗೆ ಎಲ್ಲ ಕಡೆಯೂ ಚೆನ್ನಾಗಿಯೇ ಕಾಣುತ್ತದೆ. ಮಧ್ಯಾಹ್ನ, ಹೇಳದೆ ಹೋದೆವು. ಮಕ್ಕಳನ್ನು ಎಣಿಸಿದೆವು, ನೋಡಿಕೊಳ್ಳುವವರನ್ನು ಎಣಿಸಿದೆವು, ಲೈಸೆನ್ಸಿನಲ್ಲಿ ಬರೆದಿದ್ದ ಸಂಖ್ಯೆ, ವಿಳಾಸ, ಮುಗಿಯುವ ತಾರೀಖು ನೋಡಿದೆವು. ಹಿಂಬಾಗಿಲನ್ನು ತೆಗೆದು ತೋರಿಸಿ ಅಂತ ಕೇಳಿದೆವು. ಅವರು ಒಂದು ಕೈಯಲ್ಲಿ ತಳ್ಳಿ ತೆಗೆದರು. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿತ್ತು. ಕೊನೆಯ ಸಲ ಮಕ್ಕಳನ್ನು ಹೊರಗೆ ಕರೆದೊಯ್ಯುವ ಅಭ್ಯಾಸ ಯಾವಾಗ ಮಾಡಿದ್ದಿರಿ ಅಂತ ಕೇಳಿದ್ದಕ್ಕೆ ತಾರೀಖು, ಹೊತ್ತು, ಎಷ್ಟು ನಿಮಿಷ ಹಿಡಿಯಿತು ಅಂತ ಬರೆದಿದ್ದ ಪುಸ್ತಕ ತಂದು ತೋರಿಸಿದರು. ಒಂದು ಸಲ ನಿದ್ದೆಯ ಹೊತ್ತಿನಲ್ಲೂ ಮಾಡಿದ್ದರು. ಇಷ್ಟು ಕೇಳಿದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೇಳಿದರೆ ಮುಖ ಗಂಟಿಕ್ಕುವ, ತಂದೆತಾಯಿ ಒಳಗೆ ಬರುವ ಹಾಗಿಲ್ಲ ಅನ್ನುವ ಜಾಗಕ್ಕೆ ಮಗುವನ್ನು ಕಳಿಸಬೇಡಿ. ಮಲಗಿರುವ ಮಕ್ಕಳಿಗೆ ತೊಂದರೆ ಆಗುತ್ತದೆ ಅಂದರೆ ಚಪ್ಪಲಿ ಬಿಟ್ಟು ಸದ್ದಿಲ್ಲದೆ ನೋಡಿ ಬರುತ್ತೇವೆ ಅನ್ನಿ.

ನಿಮ್ಮ ಮಗು ಈಗಾಗಲೇ ಒಂದು ಕಡೆ ಹೋಗುತ್ತಿದ್ದರೆ, ನಾಳೆ ಬಿಡುವಾಗ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ನಿಮ್ಮ ಕಣ್ಣೆದುರೇ ಬರೆಯಲಿ. ಬಿಟ್ಟ ಹೊತ್ತಿಗೆ ನಿಮ್ಮ ಸಹಿ, ಕರೆದುಕೊಂಡು ಹೋಗುವಾಗ ಇನ್ನೊಂದು ಸಹಿ. ಕಂಪ್ಯೂಟರಿನಲ್ಲಿದೆ, ಆಮೇಲೆ ಹಾಕುತ್ತೇವೆ ಅಂದರೆ ಒಪ್ಪಬೇಡಿ. ಕರೆಂಟ್ ಹೋದಾಗಲೂ ಕೈಗೆ ಸಿಗುವ ಪಟ್ಟಿ ಬೇಕು.

ಒಂದು ವಿಷಯಕ್ಕೆ ನನಗೆ ಇನ್ನೂ ಸಿಟ್ಟಿದೆ. ನಮ್ಮ ಮಕ್ಕಳನ್ನು ಹೊರಗೆ ತಂದ ಆ ಅಕ್ಕನನ್ನು ಕೆಲಸದಿಂದ ತೆಗೆದರು. ಎರಡು ಪುಸ್ತಕದ ವಿಷಯ ನಮಗೆ ಹೇಳಿದ್ದಕ್ಕೆ. ಡೇ ಕೇರ್‌ನ ತಪ್ಪುಗಳು ಮೊದಲು ಗೊತ್ತಾಗುವುದು ಅಲ್ಲಿ ಕೆಲಸ ಮಾಡುವವರಿಗೆ. ಅವರು ಮಾತಾಡಿದರೆ ಸಂಬಳ ಹೋಗುತ್ತದೆ. ಅಂಥವರು ನಿಮಗೆ ಏನಾದರೂ ಹೇಳಿದರೆ ಅವರ ಹೆಸರು ಎಲ್ಲೂ ಬಾರದ ಹಾಗೆ ನೋಡಿಕೊಳ್ಳಿ. ದೂರು ನಿಮ್ಮ ಹೆಸರಿನಲ್ಲೇ ಹೋಗಲಿ.

ದೂರು ಬರೆಯುವಾಗ "ಅಲ್ಲಿ ವ್ಯವಸ್ಥೆ ಸರಿ ಇಲ್ಲ" ಅಂತ ಬರೆದರೆ ಏನೂ ಆಗುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ರೂಮಿನಲ್ಲಿ ಎಷ್ಟು ಮಕ್ಕಳಿದ್ದರು, ನೋಡಿಕೊಳ್ಳುವವರು ಎಷ್ಟು ಜನ, ಯಾವ ಬಾಗಿಲಿಗೆ ಬೀಗ ಇತ್ತು, ಇಷ್ಟನ್ನೂ ಬರೆಯಿರಿ. ಕಟ್ಟಡ, ಅಗ್ನಿಶಾಮಕ, ಆರೋಗ್ಯ, ಮಕ್ಕಳ ಇಲಾಖೆ, ಒಬ್ಬೊಬ್ಬರು ತಮಗೆ ಸೇರಿದ್ದನ್ನು ಮಾತ್ರ ನೋಡುತ್ತಾರೆ. ಅದಕ್ಕೆ ಎಲ್ಲರಿಗೂ ಒಂದೊಂದು ಪ್ರತಿ ಕಳಿಸಿ. ಕೇಂದ್ರದವರು ಕೆಲವರಿಗೆ ಮಾತ್ರ ರಜೆ ಅಂತ ಕಳಿಸಿದ ಮೆಸೇಜುಗಳಿದ್ದರೆ ಅಳಿಸಬೇಡಿ, ಅವನ್ನೂ ಜೊತೆಗೆ ಇಡಿ. ಅಧಿಕಾರಿಗಳು ಯಾವ ಹೊತ್ತಿಗೆ ಹೋದರೆ ಕಾಣುತ್ತದೆ ಅಂತಲೂ ಬರೆಯಿರಿ. ನಾವು ಊಟ ಮುಗಿದು ಮಕ್ಕಳು ಮಲಗುವ ಹೊತ್ತು ಅಂತ ಬರೆದಿದ್ದೆವು. ಅವರು ಯಾರಿಗೂ ಹೇಳದೆ ಅದೇ ಹೊತ್ತಿಗೆ ಹೋದರು. ಅಷ್ಟು ದೊಡ್ಡ ಘಟನೆ ಆದಮೇಲೂ ಆ ಉಗ್ರಾಣದಲ್ಲಿ ಮತ್ತೆ ಮಕ್ಕಳು ಮಲಗಿದ್ದರು. ಲೈಸೆನ್ಸನ್ನು ಅವತ್ತೇ ತಡೆಹಿಡಿದರು.