ಬಿಳಿಗಿರಿರಂಗನ ಬೆಟ್ಟವೋ, ಕುದುರೆಮುಖವೋ?

ಪ್ರಾಣಿ ನೋಡಬೇಕು ಅನ್ನುವವರು ಸುಮ್ನೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಕಾಡಿನೊಳಗಿನ ಕೆ. ಗುಡಿಯಲ್ಲಿ (ಕ್ಯಾತದೇವರ ಗುಡಿ) ಜೀಪ್ ಸಫಾರಿ ಇದೆ. ಆನೆ, ಕಾಟಿ, ಕಡವೆ ಕಾಣಬಹುದು. ಹುಲಿ ಮಾತ್ರ ಅದೃಷ್ಟ. ನನಗೆ ಇನ್ನೂ ಇಷ್ಟವಾಗುವುದು ಇಲ್ಲಿನ ಆದಿವಾಸಿಗಳಾದ ಸೋಲಿಗರು. ಕಾಡನ್ನು ಅವರಷ್ಟು ಬಲ್ಲವರು ಯಾರಿದ್ದಾರೆ? ಅವರು ಪೂಜಿಸುವ ದೊಡ್ಡ ಸಂಪಿಗೆ ಮರವೂ ಇದೇ ಕಾಡಿನಲ್ಲಿದೆ. ಮಕ್ಕಳು, ಹಿರಿಯರು ಜೊತೆಗಿದ್ದರೂ ತೊಂದರೆಯಿಲ್ಲ, ರಂಗನಾಥನ ಗುಡಿಯವರೆಗೂ ರಸ್ತೆಯಿದೆ.

ಕುದುರೆಮುಖ ನಡೆಯುವವರ ಜಾಗ. ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು), ಹುಲ್ಲುಗಾವಲು, ತುಂಗಾ, ಭದ್ರಾ, ನೇತ್ರಾವತಿಯರ ಮೂಲ ಎಲ್ಲ ಇಲ್ಲೇ. ಸಿಂಗಳೀಕಗಳಿವೆ, ಆದರೆ ದಟ್ಟ ಮರಗಳ ತುದಿಯಲ್ಲಿರುತ್ತವೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಮಳೆಗಾಲದಲ್ಲಿ ಇಂಬಳ ಜಾಸ್ತಿ.

ಮಂಡಿನೋವಿದ್ದರೆ ಮೊದಲನೆಯದೇ ಸರಿ.