ಅಡಿಭಾಗಕ್ಕೆ ಹೊಸದಾಗಿ ಕಪ್ಪು ಬಳಿದ ಹಳೆ ಪಿಕಪ್ ಕಂಡರೆ ಅಡ್ವಾನ್ಸ್ ಕೊಡಬೇಡಿ

ಸೆಕೆಂಡ್ಸ್ ಪಿಕಪ್ ಹುಡುಕುತ್ತಾ ಓಡಾಡುತ್ತಿರುವವರು, ಅದರಲ್ಲೂ ಶುಂಠಿ, ತರಕಾರಿ, ಹಾಲು ಹೊಡೆಯೋಕೆ ಅಂತ ಸಾಲ ಮಾಡಿ ಗಾಡಿ ಮಾಡುತ್ತಿರುವ ಹುಡುಗರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ಮನೆಗೆ ತಂದ ಗಾಡಿಯ ಹಿಂದಿನ ಎಡ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಯಾರೋ ಬೇಕಂತಲೇ ಅದನ್ನು ಬಂದ್ ಮಾಡಿ, ಮೇಲೆ ಬಣ್ಣ ಬಳಿದು ಮಾರಿದ್ದರು. ಅದು ಗೊತ್ತಾಗಿದ್ದು ಶಿರಾಡಿ ಘಾಟಿಯಲ್ಲಿ, ಲೋಡ್ ಇದ್ದಾಗ, ಮಳೆಯಲ್ಲಿ.

ಗಾಡಿ ಹತ್ತು ವರ್ಷ ದಾಟಿದ್ದು. ನಾಲ್ಕನೇ ಓನರ್ ಕೈಲಿತ್ತು. ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್‌ನೆಸ್ ಪತ್ರ) ಚಾಲ್ತಿ, ಇನ್ಶೂರೆನ್ಸ್ ಚಾಲ್ತಿ, ಫೈನಾನ್ಸ್ ತೀರಿಸಿ ಎನ್‌ಒಸಿ ತಂದಿಟ್ಟಿದ್ದರು. ಅರ್ಧ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು, ಹೊಗೆ ಇಲ್ಲ, ಟೈರ್ ನಾಲ್ಕೂ ಚೆನ್ನಾಗಿದ್ದವು. ಊರಲ್ಲಿ ಗಾಡಿ ನೋಡುವವರು ಏನೇನು ನೋಡುತ್ತಾರೋ ಅದೆಲ್ಲ ನೋಡಿದ್ದೆವು. ಮಾರುವವನು ಕೆಳಗೆ ಟಾರ್ಚ್ ಹಾಕಿ, "ನೋಡಿ ಸಾರ್, ಚಾಸಿಸ್ ಹೆಂಗೈತೆ, ಶೋರೂಮ್ ಗಾಡಿ ತರ" ಅಂದ. ನಿಜ, ಕಪ್ಪಗೆ ಮಿಂಚುತ್ತಿತ್ತು. ಹತ್ತು ಮಳೆಗಾಲ ಕಂಡ ಲೋಡ್ ಗಾಡಿಯ ಚಾಸಿಸ್ ಮಿಂಚಬಾರದು. ಮೇಲೆ ಮಣ್ಣಿರಬೇಕು, ಗ್ರೀಸ್ ಇರಬೇಕು, ಅಲ್ಲಲ್ಲಿ ತೆಳುವಾಗಿ ತುಕ್ಕು ಇರಬೇಕು. ಅದು ಆರೋಗ್ಯದ ಲಕ್ಷಣ, ಏಕೆಂದರೆ ಏನನ್ನೂ ಮುಚ್ಚಿಟ್ಟಿಲ್ಲ.

ಘಾಟಿ ವಿಷಯಕ್ಕೆ ಬರುತ್ತೇನೆ. ಶುಂಠಿ ಮೂಟೆ ಅಂದರೆ ನಮ್ಮ ಕಡೆ 60 ಕೆ.ಜಿ. ಲೆಕ್ಕ. ಗಾಡಿಯ ಪಾಸಿಂಗ್, ಅಂದರೆ ಆರ್‌ಸಿಯಲ್ಲಿರುವ ತೂಕದ ಮಿತಿ, ಮೀರದ ಹಾಗೇ ಹಾಕಿಕೊಂಡು ಮಂಗಳೂರಿಗೆ ಹೊರಟಿದ್ದೆ. ಮಾರನಹಳ್ಳಿ ದಾಟಿ ಇಳಿಯುವಾಗ ಮುಂದೆ ಟ್ಯಾಂಕರ್ ನಿಂತಿತು, ಬ್ರೇಕ್ ಒತ್ತಿದೆ, ಗಾಡಿ ನಿಲ್ಲುವ ಬದಲು ಬಲಕ್ಕೆ ಎಳೆದುಕೊಂಡಿತು. ಎದುರಿನಿಂದ ಬಸ್ ಬರುತ್ತಿತ್ತು. ಬಸ್ಸಿನ ಡ್ರೈವರ್ ಜಾಗ ಬಿಟ್ಟುಕೊಟ್ಟಿದ್ದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ. ಆಮೇಲೆ ಸೆಕೆಂಡ್ ಗೇರಿನಲ್ಲೇ ಗುಂಡ್ಯದವರೆಗೆ ಇಳಿಸಿ, ಪಕ್ಕಕ್ಕೆ ಹಾಕಿ, ಒಂದೊಂದು ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಮೂರು ಚಕ್ರದಿಂದ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನ ಎಡ ಬ್ರೇಕ್ ಡ್ರಮ್ ತಣ್ಣಗಿತ್ತು, ಮಳೆ ನೀರು ಅದರ ಮೇಲೆ ಹಾಗೇ ಕೂತಿತ್ತು.

ಊರಿಗೆ ವಾಪಸ್ ತಂದು ನಮ್ಮ ಮೇಸ್ತ್ರಿ ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಿದೆ. ಅವರು ಕೆಳಗಿಳಿದು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಗೌಡ್ರೆ, ನೀವೇ ಇಳೀರಿ. ನಾನು ಹೇಳಿದ್ರೆ ನಂಬಲ್ಲ" ಅಂದರು.

ಹಿಂದಿನ ಆಕ್ಸಲ್ ಮೇಲೆ ಬ್ರೇಕ್ ಪೈಪ್ ಎರಡಾಗಿ ಕವಲೊಡೆಯುವ ಯೂನಿಯನ್ ಇರುತ್ತದೆ. ಅಲ್ಲಿಂದ ಒಂದು ಸ್ಟೀಲ್ ಪೈಪ್ ಬಲಕ್ಕೆ, ಒಂದು ಎಡಕ್ಕೆ. ಎಡದ ಪೈಪನ್ನು ಯೂನಿಯನ್‌ನಿಂದ ಗೇಣುದ್ದಕ್ಕೆ ಕತ್ತರಿಸಿ, ತುದಿಯನ್ನು ಮಡಚಿ, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಮೇಲೆ ಗ್ಯಾಸ್ ವೆಲ್ಡಿಂಗ್ ಇಟ್ಟಿದ್ದರು. ಡ್ರಮ್ ಕಡೆ ಉಳಿದ ಪೈಪ್ ಅಲ್ಲೇ ಇತ್ತು, ಅದನ್ನು ಆಕ್ಸಲ್‌ಗೆ ಟ್ಯಾಗ್ ಹಾಕಿ ಕಟ್ಟಿದ್ದರು. ಹೊರಗಿನಿಂದ ಬಗ್ಗಿ ನೋಡಿದವರಿಗೆ ಪೈಪ್ ಚಕ್ರದವರೆಗೂ ಹೋಗಿದೆ ಅಂತಲೇ ಕಾಣಬೇಕು, ಅದಕ್ಕೆ. ಎಲ್ಲದರ ಮೇಲೂ ಒಂದೇ ಕಪ್ಪು ಬಣ್ಣ. ಡ್ರಮ್ ಬಿಚ್ಚಿದರೆ ಲೈನರ್, ಅಂದರೆ ಡ್ರಮ್‌ಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ, ಹೊಸದರಷ್ಟೇ ದಪ್ಪ. ಮಾರುವಾಗ "ಲೈನರ್ ಹೊಸದು ಸಾರ್" ಅಂದಿದ್ದ. ಕೆಲಸವನ್ನೇ ಮಾಡದ ಲೈನರ್ ಸವೆಯುವುದು ಹೇಗೆ? ಒಳಗೆ ಆ ಲೈನರನ್ನು ಡ್ರಮ್‌ಗೆ ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದು ಲೀಕ್ ಆಗಿದೆ, ಬದಲಾಯಿಸುವ ಬದಲು ಚಕ್ರವನ್ನೇ ಕ್ಯಾನ್ಸಲ್ ಮಾಡಿದ್ದಾರೆ. ಕೂಲಿ ಸೇರಿ ಎರಡು ಸಾವಿರದೊಳಗೆ ಮುಗಿಯುವ ಕೆಲಸ ಅದು. ಅಷ್ಟು ದುಡ್ಡಿಗೆ ಇನ್ನೊಬ್ಬರ ಪ್ರಾಣ ಪಣಕ್ಕಿಟ್ಟ ಮನುಷ್ಯನನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅದೇ ಆಕ್ಸಲ್ ಮೇಲೆ ಇನ್ನೊಂದು ಸಿಕ್ಕಿತು. ಹಲವು ಪಿಕಪ್‌ಗಳಲ್ಲಿ ಹಿಂದೆ ಲೋಡ್ ಸೆನ್ಸಿಂಗ್ ವಾಲ್ವ್ ಅಂತ ಇರುತ್ತದೆ. ವಾಲ್ವ್ ಚಾಸಿಸ್ ಮೇಲೆ, ಅದರ ಕಡ್ಡಿ ಆಕ್ಸಲ್ ಮೇಲೆ. ಲೋಡ್ ಬಿದ್ದು ಚಾಸಿಸ್ ಕೆಳಗೆ ಕೂತರೆ ಕಡ್ಡಿ ಅಲ್ಲಾಡಿ ಹಿಂದಿನ ಬ್ರೇಕಿಗೆ ಹೆಚ್ಚು ಪ್ರೆಷರ್ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಮಾಡುತ್ತದೆ, ಹಿಂದಿನ ಚಕ್ರ ಲಾಕ್ ಆಗಿ ಜಾರಬಾರದು ಅಂತ. ನಮ್ಮ ಗಾಡಿಗೆ ಓವರ್‌ಲೋಡ್ ಹೊಡೆಯೋಕೆ ಅಂತ ಹಿಂದಿನ ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದರು. ಪ್ಲೇಟ್ ಜಾಸ್ತಿಯಾದರೆ ಲೋಡ್ ಇದ್ದರೂ ಚಾಸಿಸ್ ಕೂರುವುದಿಲ್ಲ, ವಾಲ್ವಿಗೆ ಗಾಡಿ ಖಾಲಿ ಅಂತಲೇ ಲೆಕ್ಕ, ಹಿಂದಿನ ಬ್ರೇಕ್ ಸಾಲದು. ಅದಕ್ಕೆ ಇವರು ಕಂಡುಕೊಂಡ ದಾರಿ, ಕಡ್ಡಿಯನ್ನು ಮೇಲೆತ್ತಿ ಬೈಂಡಿಂಗ್ ವೈರಿನಲ್ಲಿ ಕಟ್ಟಿಬಿಡುವುದು. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಹೊಂದಿಸಿದ್ದು. ಖಾಲಿ ಗಾಡಿ ಮಳೆಯಲ್ಲಿ ಹಿಂದೆ ಯಾಕೆ ಬಾಲ ಬೀಸುತ್ತಿತ್ತು ಅಂತ ಆಗ ಅರ್ಥವಾಯಿತು.

ಇಷ್ಟಾದ ಮೇಲೆ ಮೇಸ್ತ್ರಿಗೆ ಚಾಸಿಸ್ ಮೇಲೂ ಅನುಮಾನ ಬಂತು. ಸಣ್ಣ ಸುತ್ತಿಗೆ ತೆಗೆದುಕೊಂಡು ಉದ್ದಕ್ಕೂ ಬಡಿಯುತ್ತಾ ಹೋದರು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಎಡಗಡೆ, ಹಿಂದಿನ ಪ್ಲೇಟ್‌ಗಳ ಮುಂದಿನ ಹ್ಯಾಂಗರ್ ಹತ್ತಿರ ಬಂದಾಗ ಸದ್ದು ಸತ್ತುಹೋಯಿತು. ವೈರ್ ಬ್ರಷ್ ಹಾಕಿ ಉಜ್ಜಿದರೆ ಮೊದಲು ಡಾಂಬರಿನಂಥ ಕೋಟಿಂಗ್ ಎದ್ದು ಬಂತು, ಅದರ ಕೆಳಗೆ ಪುಟ್ಟಿ, ಅದರ ಕೆಳಗೆ ಅಂಗೈ ಅಗಲದ ಶೀಟ್, ಸುತ್ತಲೂ ಕಾಗೆ ಹಿಕ್ಕೆ ಹಾಕಿದ ಹಾಗೆ ವೆಲ್ಡಿಂಗ್. ಶೀಟಿನ ಅಂಚಿನಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು ಶುರುವಾಗಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಪಕ್ಕದ ಹಳೆ ಕಬ್ಬಿಣದೊಳಕ್ಕೆ ಇಳಿಯಿತು. ಪದರ ಪದರವಾಗಿ ತುಕ್ಕು ಉದುರಿತು.

ಚಾಸಿಸ್‌ಗೆ ವೆಲ್ಡಿಂಗೇ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಗೊತ್ತಿರುವವರು ಮೊದಲು ಬಿರುಕಿನ ತುದಿಗೆ ತೂತು ಕೊರೆದು ಅದು ಮುಂದೆ ಓಡದ ಹಾಗೆ ತಡೆಯುತ್ತಾರೆ, ತುಕ್ಕು ಪೂರ್ತಿ ತೆಗೆಯುತ್ತಾರೆ, ಪಟ್ಟಿಯ ಅಂಚು ಚಾಸಿಸ್‌ಗೆ ಅಡ್ಡಲಾಗಿ ನೆಟ್ಟಗೆ ಬರದಂತೆ ಓರೆಯಾಗಿ ಕತ್ತರಿಸಿ ಕೂರಿಸುತ್ತಾರೆ. ವೆಲ್ಡಿಂಗ್ ಬಿಸಿ ತಗುಲಿದ ಜಾಗದ ಪಕ್ಕದಲ್ಲಿ ಕಬ್ಬಿಣದ ಗುಣ ಬದಲಾಗಿರುತ್ತದೆ, ಭಾರ ಬಿದ್ದಾಗ ಮತ್ತೆ ಬಿರಿಯುವುದು ಅಲ್ಲೇ. ತುಕ್ಕಿನ ಮೇಲೆ ಶೀಟ್ ಇಟ್ಟು ಸುಟ್ಟರೆ ಅದು ರಿಪೇರಿ ಅಲ್ಲ, ಮುಚ್ಚಳ.

ಇಷ್ಟೊಂದು ತುಕ್ಕು ಮಲೆನಾಡಿನ ಮಳೆಗೆ ಬರುವುದಲ್ಲ ಅಂತ ಮೇಸ್ತ್ರಿ ಹಿಂದಿನ ಬಾಡಿಯ ಹೊಸ ಶೀಟ್ ಎಬ್ಬಿಸಿದರು. ಕೆಳಗೆ ಥರ್ಮೋಕೋಲ್ ಚೂರು, ಒಣಗಿದ ಮೀನಿನ ಹುರುಪೆ. ಗಾಡಿ ಮೀನು ಹೊಡೆದದ್ದು. ಐಸ್ ಕರಗಿ ಉಪ್ಪು ನೀರು ಬಾಡಿಯ ಸಂದಿಯಿಂದ ವರ್ಷಗಟ್ಟಲೆ ಚಾಸಿಸ್ ಮೇಲೆ, ಬ್ರೇಕ್ ಪೈಪ್ ಮೇಲೆ, ವೈರಿಂಗ್ ಮೇಲೆ ಸುರಿದಿದೆ. ಮೀನು ಹೊಡೆಯುವುದು ತಪ್ಪಲ್ಲ, ಅದು ಮರ್ಯಾದೆಯ ದುಡಿಮೆ. ದಿನಾ ಸಂಜೆ ಸಿಹಿನೀರಲ್ಲಿ ಕೆಳಗೆಲ್ಲ ತೊಳೆದು ಇಟ್ಟುಕೊಂಡ ಮೀನು ಗಾಡಿಗಳೂ ಇವೆ. ತಪ್ಪು ಅಂದರೆ ಕೇಳಿದಾಗ "ಬರೀ ಬೇಕರಿ ಲೈನ್ ಗಾಡಿ ಸಾರ್" ಅಂದಿದ್ದು. ನೋಂದಣಿ ಸಂಖ್ಯೆ ಕೆಎ-19, ಕೆಎ-20, ಕೆಎ-30 ಇದ್ದು ಕರಾವಳಿಯಿಂದ ಬಂದ ಪಿಕಪ್ ಆದರೆ ಏನು ಹೊಡೆದದ್ದು ಅಂತ ಬಿಡದೆ ಕೇಳಿ, ಬಾಡಿ ಶೀಟ್ ಎಬ್ಬಿಸಿಯೇ ನೋಡಿ.

ವೈರಿಂಗ್ ಕಥೆ ಬೇಗ ಮುಗಿಸುತ್ತೇನೆ. ಹೆಡ್‌ಲೈಟಿಗೆ ಕಂಪನಿ ಕೊಡುವುದು 60/55 ವ್ಯಾಟ್ ಬಲ್ಬ್. ಇದಕ್ಕೆ 100/90 ಹಾಕಿ, ರಿಲೇ ಇಲ್ಲದೆ ಹಳೆ ವೈರಿಗೇ ಕೊಟ್ಟಿದ್ದರು. ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿತ್ತು. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ. ಆ ವೈರ್ ಕಟ್ಟು ಡೀಸೆಲ್ ಪೈಪಿಗೆ ಒರಗಿಕೊಂಡೇ ಹೋಗುತ್ತಿತ್ತು. ಇದರ ಮೇಲೆ ಹೆಚ್ಚು ಹೇಳಬೇಕಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು, ಯಾಕೆಂದರೆ ಡ್ರೈವರ್‌ಗಳನ್ನೆಲ್ಲ ಬೈಯುವುದು ನನ್ನ ಉದ್ದೇಶವಲ್ಲ. ರಾತ್ರಿ ಹೊತ್ತು ನಡುದಾರಿಯಲ್ಲಿ ಡೀಸೆಲ್ ಟ್ಯಾಂಕ್ ಜಿನುಗಿದರೆ ಬಟ್ಟೆ ಸೋಪು ಮೆತ್ತಿ ಊರು ಸೇರುತ್ತೇವೆ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವವರಿದ್ದಾರೆ. ಅದು ದಾರಿಯ ಜಾಣತನ, ಅದಿಲ್ಲದೆ ಲೋಡ್ ಗಾಡಿ ಬದುಕು ನಡೆಯುವುದಿಲ್ಲ. ಆದರೆ ಮಾರನೇ ದಿನ ಗ್ಯಾರೇಜಿಗೆ ಹೋಗದೆ ಸೋಪಿನ ಮೇಲೆ ಎಂ-ಸೀಲ್, ಎಂ-ಸೀಲ್ ಮೇಲೆ ಬಣ್ಣ, ಬಣ್ಣದ ಮೇಲೆ ಒಂದು ನಗು ಇಟ್ಟು ಇನ್ನೊಬ್ಬರ ಕೈಗೆ ಕೀ ಕೊಡುವುದು ಮೋಸ. ನಮ್ಮ ಗಾಡಿಯಲ್ಲಿ ಎರಡೂ ಥರದ್ದು ಇತ್ತು; ಹೊಗೆ ಕಾಣದ ಹಾಗೆ ಗಟ್ಟಿ ಆಯಿಲ್ ತುಂಬಿದ್ದು, ಬಿಸಿ ಏರುತ್ತದೆ ಅಂತ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತೆಸೆದದ್ದು ಎರಡನೇ ಥರದ್ದು.

ಎಫ್‌ಸಿ ಇತ್ತಲ್ಲ ಅಂತ ಕೇಳುತ್ತೀರಿ. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ. ಲೈಟ್, ಹಾರ್ನ್, ರಿಫ್ಲೆಕ್ಟರ್, ಬಣ್ಣ ಕಣ್ಣಳತೆಯಲ್ಲಿ ನೋಡುವ ಕಡೆ ಡಾಂಬರಿನ ಕೆಳಗಿನ ಶೀಟ್ ಕಾಣುವುದಿಲ್ಲ. ರೋಲರ್ ಮೇಲೆ ನಿಲ್ಲಿಸಿ ಒಂದೊಂದು ಚಕ್ರದ ಬ್ರೇಕ್ ಬೇರೆ ಬೇರೆ ಅಳೆಯುವ ಯಂತ್ರವಿದ್ದಲ್ಲಿ ನಮ್ಮ ಎಡ ಚಕ್ರ ಅಲ್ಲೇ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಎಫ್‌ಸಿ ಕಾಗದವನ್ನು ಗಾಡಿಯ ಆರೋಗ್ಯ ಅಂತ ಓದಬೇಡಿ.

ಹಾಗಾದರೆ ಏನು ಮಾಡಬೇಕು? ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಮೇಸ್ತ್ರಿಯ ಪಿಟ್‌ಗೆ ಗಾಡಿ ತರಬೇಕು ಅಂತ ಹೇಳಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ, ಬೇರೆ ಗಾಡಿ ಸಿಗುತ್ತದೆ. ಬೆಳಗ್ಗೆ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತಿದ್ದಾರೆ ಅಂತ ಲೆಕ್ಕ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್, ಅಂದರೆ ಅಲ್ಲಿಂದ ಹೊಗೆ ಜೋರಾಗಿ ನುಗ್ಗುತ್ತಿದೆಯೇ ಅಂತ, ನೋಡಿ. ಬ್ರೇಕ್ ಪೆಡಲ್ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ, ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ಪ್ರೆಷರ್ ಬಿಡುತ್ತಿದೆ. ಐದಾರು ಕಿಲೋಮೀಟರ್ ಬ್ರೇಕ್ ಹಾಕುತ್ತಾ ಓಡಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ, ಸುಡುತ್ತದೆ. ಒಂದೇ ಒಂದು ತಣ್ಣಗಿದ್ದರೂ ವ್ಯಾಪಾರ ನಿಲ್ಲಿಸಿ. ಜೇಬಲ್ಲಿ ಒಂದು ಅಯಸ್ಕಾಂತ ಇರಲಿ, ಪುಟ್ಟಿ ಇದ್ದಲ್ಲಿ ಅದು ಕಚ್ಚುವುದಿಲ್ಲ. ಸುತ್ತಿಗೆ ಮಾತ್ರ ಮೇಸ್ತ್ರಿ ಕೈಗೇ ಕೊಡಿ.

ಕಾಗದದ ವಿಷಯದಲ್ಲಿ, ಮಾರುವವರು ಡೀಲರ್ ಆಗಿದ್ದರೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ತೋರಿಸಿ ಅನ್ನಿ. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಡೀಲರ್‌ಗಳಿಗೆ ಆ ನಿಯಮ ಇದೆ. ಗಾಡಿ ಕೈಗೆ ಬಂದ ಮೇಲೆ ಫಾರಂ 29, 30 ಕೊಟ್ಟು ಹೆಸರು ಬದಲಾವಣೆಯನ್ನು ಮುಂದೂಡಬೇಡಿ. ಹಿಂದಿನ ಅಪಘಾತದ ಕ್ಲೇಮ್ ಏನಾದರೂ ಆಗಿದೆಯೇ ಅಂತ ಇನ್ಶೂರೆನ್ಸ್ ಕಂಪನಿಯಲ್ಲಿ ಮಾಲೀಕರಿಂದಲೇ ಕೇಳಿಸಿ.

ನಾವು ಮಾರಿದವನ ಹತ್ತಿರ ಹೋದೆವು. "ನೋಡಿ ತಾನೆ ತಗೊಂಡಿದ್ದು" ಅಂದ, ಫೋನ್ ಎತ್ತುವುದು ನಿಲ್ಲಿಸಿದ. ಬ್ರೇಕ್ ಸರಿ ಮಾಡಬಹುದಿತ್ತು, ವೈರಿಂಗ್ ಹೊಸದು ಎಳೆಯಬಹುದಿತ್ತು, ಚಾಸಿಸ್ ಮಾತ್ರ ಆಗುವುದಿಲ್ಲ ಅಂತ ಮೇಸ್ತ್ರಿ ಕೈಯೆತ್ತಿದರು. ಸುದ್ದಿ ತಿಳಿದು ಒಬ್ಬ ಬ್ರೋಕರ್ ಮನೆಗೇ ಬಂದ. "ಅಣ್ಣ, ಇನ್ನೊಂದು ಕೋಟ್ ಹೊಡೆಸಿ ಬಿಡೋಣ, ನೀವು ಕೊಟ್ಟ ರೇಟ್ ಬರುತ್ತೆ" ಅಂದ. ನನ್ನ ಹೆಂಡತಿ ಒಳಗಿನಿಂದಲೇ ಅವನನ್ನು ಕಳಿಸಿಬಿಟ್ಟಳು. ಗಾಡಿಯನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಒಪ್ಪಿಸಿ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ತೆಗೆದುಕೊಂಡೆವು, ಆರ್‌ಸಿ ರದ್ದಿಗೆ ಕೊಟ್ಟಾಗಿದೆ. ಸಾಲದ ಕಂತು ಇನ್ನೂ ಕಟ್ಟುತ್ತಿದ್ದೇವೆ. ಆ ಚಾಸಿಸ್ ಮಾತ್ರ ಇನ್ನು ಯಾರ ಮನೆಗೂ ಹೋಗುವುದಿಲ್ಲ.