ಪಾರ್ಟಿ ಡೌನ್ ನೋಡೋದಾ, ವಂಡರ್‌ಫಾಲ್ಸ್ ನೋಡೋದಾ?

ಓದು ಮುಗಿಸಿ, ಮುಂದೆ ದಾರಿಯೇ ಕಾಣದ ಕೆಲಸದಲ್ಲಿ ಸಿಕ್ಕಿಕೊಂಡವರ ಕಥೆ ಬೇಕಾ? ಈ ಎರಡೂ ಅಮೆರಿಕದ ಸರಣಿಗಳು, ಎರಡೂ ಬೇಗ ನಿಂತುಹೋದವು.

ನನ್ನ ಆಯ್ಕೆ ಪಾರ್ಟಿ ಡೌನ್. ಲಾಸ್ ಏಂಜಲೀಸ್‌ನಲ್ಲಿ ನಟ, ಬರಹಗಾರ ಆಗಬೇಕು ಅಂತ ಬಂದವರು ಪಾರ್ಟಿಗಳಲ್ಲಿ ತಿಂಡಿ, ಡ್ರಿಂಕ್ಸ್ ಹಂಚುತ್ತಾರೆ. ಒಂದೊಂದು ಕಂತಿಗೆ ಒಂದೊಂದು ಪಾರ್ಟಿ. ಹೆನ್ರಿ ಒಂದು ಬಿಯರ್ ಜಾಹೀರಾತಿನಲ್ಲಿ ಹೆಸರು ಮಾಡಿದವನು, ಆಮೇಲೆ ನಟನೆಯನ್ನೇ ಬಿಟ್ಟವನು, ಈಗ ಎಲ್ಲಿ ಹೋದರೂ ಜನ ಅದೇ ಡೈಲಾಗ್ ಹೇಳು ಅಂತ ಕೇಳುತ್ತಾರೆ. ಅವನ ಮುಖ ನೋಡಿದರೆ ಹೊಟ್ಟೆ ಚುರ್ ಅನ್ನುತ್ತೆ. ಡಿಗ್ರಿ ಆದಮೇಲೆ ಎರಡು ವರ್ಷ ದಾವಣಗೆರೆಯ ಮದುವೆ ಛತ್ರಗಳಲ್ಲಿ ಸಾರಿನ ಬಕೆಟ್ ಹಿಡಿದು ಪಂಕ್ತಿ ತುಂಬ ಓಡಾಡಿದವನು ನಾನು, ಎಲೆ ಮುಂದೆ ಹಳೇ ಕ್ಲಾಸ್‌ಮೇಟ್ ಕೂತಿದ್ದರೆ ಹೇಗಿರುತ್ತೆ ಅಂತ ಗೊತ್ತು. 2009-10ರಲ್ಲಿ 20 ಕಂತು ಬಂತು, ನಿಂತಿತು. 2023ರಲ್ಲಿ ಮತ್ತೆ 6 ಕಂತು ಮಾಡಿದರು. ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಬೈಗುಳ ಜಾಸ್ತಿ, ಮನೆಯವರ ಜೊತೆ ಕೂತು ನೋಡೋಕಾಗಲ್ಲ.

ವಂಡರ್‌ಫಾಲ್ಸ್ ಬೇರೆ ಥರ. ತತ್ವಶಾಸ್ತ್ರ ಓದಿದ ಜೇ ನಯಾಗರಾದ ಗಿಫ್ಟ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿನ ಗೊಂಬೆಗಳು ಅವಳ ಜೊತೆ ಮಾತಾಡುತ್ತವೆ. 2004ರಲ್ಲಿ 4 ಕಂತು ತೋರಿಸಿ ನಿಲ್ಲಿಸಿದರು, ಆದರೆ ತಯಾರಾಗಿದ್ದು 13. ಕಂತು ಉದ್ದ, ನಗುವಿನ ಜೊತೆ ಮನೆಯ ಕಥೆಯೂ ಇದೆ. ಮಾಯೆ, ಮಂತ್ರ ಇಷ್ಟ ಆಗುತ್ತೆ ಅಂದರೆ ಇದನ್ನೇ ನೋಡಿ.

ರಾತ್ರಿ ಕೆಲಸದಿಂದ ಸುಸ್ತಾಗಿ ಬರುತ್ತೀರಾ? ಪಾರ್ಟಿ ಡೌನ್ ಹಾಕಿ, ಮೊದಲ ಕಂತಿನಿಂದಲೇ ಶುರು ಮಾಡಿ.